ಬಳ್ಳಾರಿ ಧೂಳಿನಲ್ಲಿ ದೊಡ್ಡ ಫಾಲ್ಕನ್ ಎಲ್ಲಿ ಇಡಲಿ?

ಜೀನ್ಸ್_ಬಳ್ಳಾರಿ:

ಎಲ್ಲರಿಗೂ ನಮಸ್ಕಾರ. ಲೆಗೋ ಯುಸಿಎಸ್ (ದೊಡ್ಡ ಮಾದರಿಗಳ ಸರಣಿ) ಮಿಲೇನಿಯಮ್ ಫಾಲ್ಕನ್, ಅಂದರೆ ಸ್ಟಾರ್ ವಾರ್ಸ್ ಸಿನಿಮಾದ ಆಕಾಶ ಹಡಗು, ಕಟ್ಟಿ ಮುಗಿಸಿದೆ. ನಂಬರ್ 75192, 2017ರಲ್ಲಿ ಬಂದ ಸೆಟ್, 7541 ಪೀಸ್. ಕಟ್ಟಿದ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಈಗಿನ ತಲೆನೋವು ಬೇರೆ: ಇದನ್ನು ಇಡುವುದು ಎಲ್ಲಿ?

ಸದ್ಯ ಊಟದ ಟೇಬಲ್ ಮೇಲಿದೆ. ನಾವೆಲ್ಲ ಒಂದು ಮೂಲೆಗೆ ಒತ್ತಿಕೊಂಡು ಉಣ್ಣುತ್ತಿದ್ದೇವೆ. ಅವ್ವ ಅದರ ಮೇಲೆ ಹಳೇ ಕಾಟನ್ ಸೀರೆ ಹೊದಿಸಿದ್ದಾಳೆ. ತೆಗೆಯುವಾಗಲೆಲ್ಲ ಸೀರೆಯ ನೂಲು ಆಂಟೆನಾ ತಟ್ಟೆಗೆ ಸಿಕ್ಕಿಕೊಂಡು ಅದು ಕಿತ್ತು ಬರುತ್ತದೆ. ಮನೆಗೆ ಬಂದವರು "ಏನ್ರೀ, ಈಗಲೇ ಗಣಪತಿ ತಂದ್ರಾ?" ಅಂತ ಕೇಳುತ್ತಾರೆ.

ಹಡಗು 84 ಸೆಂ.ಮೀ. ಉದ್ದ, 56 ಅಗಲ, 21 ಎತ್ತರ. ನಮ್ಮ ಹಾಲ್‌ನ ಗೋಡೆಯೊಳಗೆ ಕಡಪ ಕಲ್ಲಿನ ಶೆಲ್ಫ್ ಇದೆ. ನಾಲ್ಕು ಅಡಿ ಉದ್ದ, ಕಲ್ಲಿಂದ ಕಲ್ಲಿಗೆ ಎರಡೂಕಾಲು ಅಡಿ. ಆದರೆ ಆಳ ಒಂದೂವರೆ ಅಡಿ ಮಾತ್ರ, ಅಂದರೆ 45 ಸೆಂ.ಮೀ. ಅಡ್ಡ ಇಟ್ಟರೂ ಸುಮಾರು ಅರ್ಧ ಗೇಣು ಹೊರಗೆ ಚಾಚುತ್ತದೆ. ಮಗನಿಗೆ ಹಾಲ್‌ನಲ್ಲೇ ಕ್ರಿಕೆಟ್ ಆಡುವ ಚಟ ಇದೆ, ಹಾಗಾಗಿ ಅದು ಆಗದ ಮಾತು.

ಇನ್ನು ಧೂಳು. ಅದಿರಿನ ಲಾರಿ ಓಡಾಡುವ ರಸ್ತೆಗೆ ಹತ್ತಿರ ಇದ್ದೇವೆ, ಕೆಂಪು ಧೂಳಿನ ಬಗ್ಗೆ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಅದು ಸಾಲದು ಅಂತ ಕೆಳಗಿನ ಮಹಡಿಯಲ್ಲೇ ನಮ್ಮ ಜೀನ್ಸ್ ಹೊಲಿಗೆ ಯುನಿಟ್. ಡೆನಿಮ್‌ನ ನೂಲುಪುಡಿ ಮೆಟ್ಟಿಲು ಹತ್ತಿ ಬರುತ್ತದೆ. ಕಿಟಕಿಯಿಂದ ಕೆಂಪು, ಮೆಟ್ಟಿಲಿಂದ ನೀಲಿ. ಬೂದು ಬಣ್ಣದ ಹಡಗು ಆರು ತಿಂಗಳಲ್ಲಿ ಯಾವ ಬಣ್ಣಕ್ಕೆ ಬರುತ್ತದೋ!

ಯುನಿಟ್‌ನಲ್ಲಿ ಏರ್ ಕಂಪ್ರೆಸರ್ ಇದೆ. ಮಷೀನಿನ ನೂಲುಪುಡಿ ಊದಲು ಬಳಸುತ್ತೇವೆ. ಅದರ ಗನ್ ಇದಕ್ಕೂ ಹಿಡಿಯಬಹುದಾ? ಗಾಜಿನ ಪೆಟ್ಟಿಗೆ ಒಳ್ಳೆಯದಾ, ಅಕ್ರಿಲಿಕ್ ಒಳ್ಳೆಯದಾ? ಮೇ ತಿಂಗಳ ಸೆಕೆಗೆ ಪೀಸ್ ಸೊಟ್ಟಗಾಗುತ್ತವಾ? ಹಾಲ್‌ಗೆ ಪಶ್ಚಿಮದ ಕಿಟಕಿ ಬೇರೆ ಇದೆ.

ಶಕ್ತಿನಗರದವ:

ಅಣ್ಣಾ, ಮೊದಲು ಆ ಗನ್ ಕೆಳಗಿಡಿ. ಕಂಪ್ರೆಸರ್ ಟ್ಯಾಂಕಿನ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ಹೆಚ್ಚಿನ ಮಷೀನುಗಳಲ್ಲಿ ಎಣ್ಣೆಯೂ ಇರುತ್ತದೆ. ಎಣ್ಣೆ ಕೂತ ಪೀಸ್ ಮೇಲೆ ಧೂಳು ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಆ ಒತ್ತಡಕ್ಕೆ ಸಣ್ಣ ಪೀಸ್ ಹಾರಿ ಸೋಫಾ ಕೆಳಗೆ ಹೋದರೆ ಹುಡುಕುವವರು ಯಾರು?

ನನ್ನ ಹತ್ತಿರ ಇರುವುದು ಅದೇ ಸಿನಿಮಾದ ಇನ್ನೊಂದು ಹಡಗು, ಸ್ಟಾರ್ ಡಿಸ್ಟ್ರಾಯರ್, 75252. ಫಾಲ್ಕನ್‌ಗಿಂತ ಪೀಸ್ ಕಡಿಮೆ, 4784. ಆದರೆ ಉದ್ದ 110 ಸೆಂ.ಮೀ. ಇಲ್ಲಿ ಥರ್ಮಲ್ ಸ್ಟೇಷನ್ ಬೂದಿ, ನಿಮಗೆ ಅದಿರು. ನಿಮ್ಮದೇ ಕಷ್ಟ ಜಾಸ್ತಿ. ಬಳ್ಳಾರಿ ಕಡೆಯ ಅದಿರು ಹೆಮಟೈಟ್, ಪ್ಲಾಸ್ಟಿಕ್‌ಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೆ ಉಜ್ಜುಕಾಗದ ಹಾಕಿ ತಿಕ್ಕಿದ ಹಾಗೆ. ಹೊಳಪು ಹೋಗಿ ಗೀರು ಉಳಿಯುತ್ತದೆ. ಆದ್ದರಿಂದ ಒರೆಸಬೇಡಿ, ಮೆತ್ತನೆ ಬ್ರಷ್‌ನಲ್ಲಿ ಎಬ್ಬಿಸಿ. ನಾನು ಹೆಂಡತಿಯ ಮೇಕಪ್ ಬ್ರಷ್ ಕೇಳಿ ತೆಗೆದುಕೊಂಡೆ. ಇನ್ನೊಂದು ಕೈಯಲ್ಲಿ ಸಣ್ಣ ವ್ಯಾಕ್ಯೂಮ್, ಅದರ ಮೂತಿಗೆ ಹಳೇ ಸಾಕ್ಸ್ ಕಟ್ಟಿಕೊಳ್ಳಿ. ಪೀಸ್ ಬಿಚ್ಚಿಕೊಂಡರೂ ಒಳಗೆ ಹೋಗುವುದಿಲ್ಲ.

ಸೆಕೆಗೆ ಹೆದರಬೇಡಿ. ಇದು ಎಬಿಎಸ್ ಪ್ಲಾಸ್ಟಿಕ್, ಮೆತ್ತಗಾಗಲು ಸುಮಾರು 100 ಡಿಗ್ರಿ ಬೇಕು. ನಮ್ಮ 43 ಡಿಗ್ರಿಗೆ ನಾವು ಕರಗುತ್ತೇವೆ, ಅದು ಕರಗುವುದಿಲ್ಲ. ಬಿಸಿಲಿನ ಮಾತು ಬೇರೆ. ನೇರ ಬಿಸಿಲು ಬಿದ್ದರೆ ಬಿಳಿ ಮತ್ತು ತಿಳಿಬೂದು ಪೀಸ್ ಹಳದಿ ತಿರುಗುತ್ತವೆ. ಫಾಲ್ಕನ್ ಪೂರ್ತಿ ತಿಳಿಬೂದು ಅಲ್ವಾ? ಪಶ್ಚಿಮದ ಕಿಟಕಿಗೆ ದಪ್ಪ ಪರದೆ ಹಾಕಿಸಿ.

ತೊಳೆಯುವ ಪ್ರಸಂಗ ಬಂದರೆ ನೀರು 40 ಡಿಗ್ರಿ ದಾಟಬಾರದು ಅಂತ ಕಂಪನಿಯೇ ಹೇಳುತ್ತದೆ. ಬೇಸಿಗೆ ಮಧ್ಯಾಹ್ನ ನಮ್ಮ ಮಾಳಿಗೆ ಟ್ಯಾಂಕಿನ ನೀರು ಬಂದಿದ್ದೇ ಕಾದು ಬರುತ್ತದೆ. ಬೆಳಿಗ್ಗೆ ತೊಳೆಯಿರಿ. ಕೊನೆಯ ಸಲ ಫಿಲ್ಟರ್ ನೀರಲ್ಲಿ ಜಾಲಿಸಿ, ಬೋರ್ ನೀರು ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ.

ಕೊಪ್ಪಳ_ಪೀಸ್:

ನನ್ನದು ಒಂದೇ ಮಾತು. ಫೋಟೋ ತೆಗೆದು, ಬಿಚ್ಚಿ, ಡಬ್ಬಿಗೆ ಹಾಕಿ. ಎರಡು ವರ್ಷ ಬಿಟ್ಟು ಮತ್ತೆ ಕಟ್ಟಿ. ಧೂಳೂ ಇಲ್ಲ, ಜಾಗದ ಜಗಳವೂ ಇಲ್ಲ. ಕಟ್ಟುವುದರಲ್ಲಿ ಇರುವ ಮಜಾ ನೋಡುವುದರಲ್ಲಿ ಎಲ್ಲಿದೆ?

ಜೀನ್ಸ್_ಬಳ್ಳಾರಿ:

ಕೊಪ್ಪಳದವರೇ, ಅವ್ವನಿಗೂ ಇದೇ ಬೇಕು. ಅವಳಿಗೆ ನಿಮ್ಮ ಉತ್ತರ ಓದಿ ಹೇಳುವುದಿಲ್ಲ. ನನಗೆ ಇದು ಕಣ್ಣೆದುರಿಗೆ ಬೇಕು. ದಿನವಿಡೀ ಜಿಪ್ಪು, ಬಟನ್ನು, ವಾಷಿಂಗ್‌ನವರ ಫೋನು. ರಾತ್ರಿ ಮೇಲೆ ಬಂದು ಐದು ನಿಮಿಷ ಇದರ ಕಾಕ್‌ಪಿಟ್ ಒಳಗೆ ಇಣುಕಿ ನೋಡಿದರೆ ಸಾಕು.

ಶಕ್ತಿನಗರದಣ್ಣ, ಸಾಕ್ಸ್ ಐಡಿಯಾ ಸೂಪರ್.

ಅಲ್ಯುಮಿನಿಯಂ_ಸೆಕ್ಷನ್:

ಸರ್, ನಾನು ಇದೇ ಊರಲ್ಲಿ ಗಾಜು, ಅಕ್ರಿಲಿಕ್ ಕೆಲಸ ಮಾಡುವವನು. ಲೆಗೋ ಹುಚ್ಚೂ ಇದೆ.

ಬಿಡಿಯಾಗಿ ಪೆಟ್ಟಿಗೆ ಮಾಡಿಸಿದರೆ ಒಳ ಅಳತೆ 95, 65, 32 ಇಟ್ಟುಕೊಳ್ಳಿ. ತಳ ಬಿಟ್ಟು ಐದು ಮುಖಕ್ಕೆ 5 ಎಂ.ಎಂ. ಗಾಜು ಹಾಕಿದರೆ ಮುಚ್ಚಳವೇ 20 ಕೆಜಿ ದಾಟುತ್ತದೆ. ಅದೇ ದಪ್ಪದ ಅಕ್ರಿಲಿಕ್ ಹತ್ತು ಕೆಜಿಯೊಳಗೆ. ಒಬ್ಬರೇ ಎತ್ತಬೇಕು ಅಂದರೆ ಅಕ್ರಿಲಿಕ್. ಆದರೆ ಅಕ್ರಿಲಿಕ್ ಉಜ್ಜಿದಷ್ಟೂ ಧೂಳು ಎಳೆದುಕೊಳ್ಳುತ್ತದೆ, ಗೀರು ಬೇಗ ಬೀಳುತ್ತದೆ. ಗಾಜು ಒರೆಸುವ ನೀಲಿ ದ್ರವ ಅದಕ್ಕೆ ತಾಗಿಸಬೇಡಿ, ಕೂದಲೆಳೆ ಬಿರುಕು ಬರಬಹುದು.

ನನ್ನನ್ನು ಕೇಳಿದರೆ ಪೆಟ್ಟಿಗೆಯೇ ಬೇಡ. ನಿಮ್ಮ ಕಡಪ ಶೆಲ್ಫ್ ಅರ್ಧ ಪೆಟ್ಟಿಗೆ ಇದ್ದ ಹಾಗೇ ಇದೆ. ಕೆಳಗೆ ಮೇಲೆ ಕಲ್ಲು, ಮೂರು ಕಡೆ ಗೋಡೆ. ಮುಂದೆ ಒಂದು ಗಾಜು ಹಾಕಿದರೆ ಮುಗಿಯಿತು. ಹಡಗನ್ನು ಮಲಗಿಸುವ ಬದಲು ಒಂದು ಮಗ್ಗುಲಿಗೆ ಓರೆ ಮಾಡಿ ನಿಲ್ಲಿಸಿ, ಆಕಾಶದಲ್ಲಿ ತಿರುಗುವಾಗ ವಾಲಿದ ಹಾಗೆ. 70 ಡಿಗ್ರಿ ಓರೆ ಮಾಡಿದರೆ ಆಳ ಹೆಚ್ಚೆಂದರೆ 40 ಸೆಂ.ಮೀ., ಎತ್ತರ 60. ನಿಮ್ಮ ಎರಡೂಕಾಲು ಅಡಿಯೊಳಗೆ ಕೂರುತ್ತದೆ.

ಸ್ಟ್ಯಾಂಡ್ ಅನ್ನು ಕಬ್ಬಿಣದ ರಾಡ್‌ನಲ್ಲಿ ವೆಲ್ಡ್ ಮಾಡಿಸಿ, ಹಡಗಿಗೆ ತಾಗುವ ಕಡೆ ರಬ್ಬರ್ ಸುತ್ತಿಸಿ. ಭಾರ ಬೀಳಬೇಕಾದ್ದು ಒಳಗಿನ ಟೆಕ್ನಿಕ್ (ತೂತಿರುವ ಉದ್ದ ಪೀಸ್) ಚೌಕಟ್ಟಿನ ಮೇಲೆ. ಮುಂದೆ ಚಾಚಿದ ಎರಡು ದವಡೆಗಳ ಮೇಲೂ ಬೇಡ, ಮೇಲಿನ ಹೊದಿಕೆ ತಟ್ಟೆಗಳ ಮೇಲೂ ಬೇಡ. ಆ ತಟ್ಟೆಗಳು ಎತ್ತಿದರೆ ಬರುವಂಥವು. ಓರೆಯಾದಾಗ ಯಾವುದು ಜಾರುತ್ತದೆ ಅಂತ ಹಾಸಿಗೆ ಮೇಲೆ ಹಿಡಿದು ಮೊದಲು ನೋಡಿಕೊಳ್ಳಿ.

ಗಾಜು 5 ಎಂ.ಎಂ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ್ದು) ಹಾಕಿಸಿ, ಕ್ರಿಕೆಟ್ ಇದೆ ಅಂದಿರಲ್ಲ. ಟಫನ್ಡ್ ಆದಮೇಲೆ ಕತ್ತರಿಸಲು, ತೂತು ಹೊಡೆಯಲು ಬರುವುದಿಲ್ಲ. ಹಿಡಿಕೆಯ ತೂತು ಮೊದಲೇ ಹೇಳಿ. ಸ್ಲೈಡಿಂಗ್ ಮಾತ್ರ ಬೇಡ. ಎರಡು ಗಾಜಿನ ನಡುವಿನ ಸಂದಿಯಿಂದಲೇ ನಿಮ್ಮ ಕೆಂಪು ನೀಲಿ ಎರಡೂ ಒಳಗೆ ಬರುತ್ತವೆ. ಕೀಲು ಹಾಕಿದ ಒಂದೇ ಬಾಗಿಲು, ಸುತ್ತ ರಬ್ಬರ್ ಬೀಡಿಂಗ್.

ಜೀನ್ಸ್_ಬಳ್ಳಾರಿ:

ಮಗ್ಗುಲಿಗೆ ವಾಲಿಸುವುದು ನನಗೆ ಹೊಳೆದೇ ಇರಲಿಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ ಶೆಲ್ಫ್‌ಗೆ ಹಿಡಿದು ನೋಡಿದೆ, ಕೂರುತ್ತದೆ. ಆದರೆ ಗೋಡೆಯ ಸುಣ್ಣ ಉದುರುತ್ತಲ್ಲ, ಅದಕ್ಕೇನು ಮಾಡಲಿ?

ಅಲ್ಯುಮಿನಿಯಂ_ಸೆಕ್ಷನ್:

ಹಿಂದೆ ಮತ್ತು ಪಕ್ಕಕ್ಕೆ ತೆಳು ಕಪ್ಪು ಎಸಿಪಿ (ಎರಡು ಅಲ್ಯುಮಿನಿಯಂ ಹಾಳೆ, ನಡುವೆ ಪ್ಲಾಸ್ಟಿಕ್) ಶೀಟ್ ಅಂಟಿಸಿ. ಬೂದು ಹಡಗು ಎದ್ದು ಕಾಣುತ್ತದೆ. ಸಿಲಿಕೋನ್ ಅಂಟು ಹಾಕಿದ ಮೇಲೆ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಬಾಗಿಲು ತೆರೆದಿರಲಿ, ಅಲ್ಲಿಯವರೆಗೆ ಹಡಗು ಒಳಗಿಡಬೇಡಿ. ಲೈಟ್ ಬೇಕಿದ್ದರೆ ಎಲ್‌ಇಡಿ ಪಟ್ಟಿ ಹಾಕಿ, ಅಡಾಪ್ಟರ್ ಹೊರಗಿರಲಿ. ಭಾನುವಾರ ಬಿಡುವಿದ್ದರೆ ಹೇಳಿ, ಅಳತೆಗೆ ನಾನೇ ಬರುತ್ತೇನೆ. ಕಾಕ್‌ಪಿಟ್ ನಾನೂ ನೋಡಬೇಕು.