ಕೆಂಪು ಅಲರ್ಟ್ ಬಂದ ಮೇಲೆ ಏನು? ಸೇಫ್‌ಸ್ಕ್ರಿಪ್ಟ್ ತರಬೇತಿ ಕೊಟ್ಟವರು, ಪಡೆದವರು ಅನುಭವ ಹೇಳಿ

ಪ್ರಶ್ನೆ

ನಮಸ್ಕಾರ. ನಾನು ಮೆಲ್ಬರ್ನ್‌ನಲ್ಲಿ ಒಂದು ಕ್ಲಿನಿಕ್‌ನಲ್ಲಿ ಫಾರ್ಮಸಿಸ್ಟ್. ನಮ್ಮಲ್ಲಿಗೆ ಹೊಸ ಡಾಕ್ಟರ್‌ಗಳು ಬಂದಿದ್ದಾರೆ. ಪಕ್ಕದ ಔಷಧಿ ಅಂಗಡಿಗೂ ಹೊಸಬರು ಸೇರಿದ್ದಾರೆ. ಎಲ್ಲರನ್ನೂ ಕೂರಿಸಿಕೊಂಡು ಸೇಫ್‌ಸ್ಕ್ರಿಪ್ಟ್ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಸೇಫ್‌ಸ್ಕ್ರಿಪ್ಟ್ ಎಂದರೆ ರೋಗಿಗೆ ಇಂಥ ಔಷಧಿ ಯಾರು ಬರೆದರು, ಯಾವ ಅಂಗಡಿ ಕೊಟ್ಟಿತು ಎಂದು ತೋರಿಸುವ, ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಂಪ್ಯೂಟರ್ ವ್ಯವಸ್ಥೆ. ವಿಕ್ಟೋರಿಯಾದಲ್ಲಿ 2020ರ ಏಪ್ರಿಲ್‌ನಿಂದ ಅಪಾಯ ಜಾಸ್ತಿ ಇರುವ ಔಷಧಿ ಬರೆಯುವ ಮುಂಚೆ, ಕೊಡುವ ಮುಂಚೆ ಅದರಲ್ಲಿ ನೋಡುವುದು ಕಡ್ಡಾಯ. ಲಾಗಿನ್ ಹೇಗೆ, ಎಲ್ಲಿ ಒತ್ತಬೇಕು ಎಂದು ಹೇಳಿಕೊಡುವುದು ಕಷ್ಟವಲ್ಲ. ಪರದೆಯಲ್ಲಿ ಕೆಂಪು ಅಲರ್ಟ್, ಅಂದರೆ ಹೆಚ್ಚಿನ ಅಪಾಯದ ಸೂಚನೆ, ಬಂದಾಗ ಎದುರಿಗೆ ಕೂತವರ ಹತ್ತಿರ ಏನು ಮಾತಾಡಬೇಕು? ಅದನ್ನು ಹೇಗೆ ಕಲಿಸುತ್ತೀರಿ?

ಜಿಪಿ (ಫ್ಯಾಮಿಲಿ ಡಾಕ್ಟರ್) ಒಬ್ಬರ ಉತ್ತರ

ಮೇಡಂ, 2018ರ ಅಕ್ಟೋಬರ್‌ನಲ್ಲಿ ಈ ವ್ಯವಸ್ಥೆ ಮೊದಲು ಬಂದದ್ದೇ ನಮ್ಮ ಪಶ್ಚಿಮ ವಿಕ್ಟೋರಿಯಾಕ್ಕೆ. ಇಡೀ ರಾಜ್ಯಕ್ಕೆ ಬಂದದ್ದು ಮರುವರ್ಷದ ಏಪ್ರಿಲ್‌ನಲ್ಲಿ. ನನ್ನ ಸಲಹೆ ಒಂದೇ. ಬಣ್ಣಗಳಿಂದ ಶುರು ಮಾಡಬೇಡಿ. ಇದು ಯಾಕೆ ಬಂತು ಎನ್ನುವುದರಿಂದ ಶುರು ಮಾಡಿ. ಡಾಕ್ಟರ್ ಬರೆದುಕೊಡುವ ಔಷಧಿಗಳ ಓವರ್‌ಡೋಸ್‌ನಿಂದ ಸತ್ತವರು ಈ ರಾಜ್ಯದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರಿಗಿಂತ ಜಾಸ್ತಿ ಇದ್ದರು. ಸಾವಿನ ಕಾರಣ ತನಿಖೆ ಮಾಡುವ ಕೊರೊನರ್‌ಗಳು ಮತ್ತೆ ಮತ್ತೆ ಇಂಥ ವ್ಯವಸ್ಥೆ ಬೇಕು ಎಂದು ಬರೆದರು. ಒಬ್ಬ ಡಾಕ್ಟರ್ ಬರೆದದ್ದು ಇನ್ನೊಬ್ಬರಿಗೆ ಗೊತ್ತಾಗದೆ ಎಷ್ಟೋ ಜನ ಹೋದರು. ಇದು ತಲೆಯಲ್ಲಿ ಕೂತರೆ, 'ಇನ್ನೊಂದು ಪಾಪ್-ಅಪ್ ಬಂತಪ್ಪಾ' ಎನ್ನುವ ಬೇಸರ ಅರ್ಧ ಕಡಿಮೆಯಾಗುತ್ತದೆ.

ಆಮೇಲೆ ಕೆಂಪು ಯಾಕೆ ಬಂತು ಎಂದು ಬಿಡಿಸಿ ನೋಡುವುದನ್ನು ಕಲಿಸಿ. 90 ದಿನದೊಳಗೆ 4 ಅಥವಾ ಅದಕ್ಕಿಂತ ಜಾಸ್ತಿ ಡಾಕ್ಟರ್‌ಗಳು ಬರೆದಿರಬಹುದು. ಒಪಿಯಾಯ್ಡ್ (ಮಾರ್ಫಿನ್ ಜಾತಿಯ ಬಲವಾದ ನೋವಿನ ಔಷಧಿ) ಡೋಸ್ ಮಾರ್ಫಿನ್ ಲೆಕ್ಕದಲ್ಲಿ, ಅಂದರೆ ಅಷ್ಟೇ ಪರಿಣಾಮದ ಮಾರ್ಫಿನ್‌ಗೆ ಬದಲಾಯಿಸಿ ನೋಡಿದರೆ, ದಿನಕ್ಕೆ 100 ಮಿಲಿಗ್ರಾಂ ದಾಟಿರಬಹುದು. ಅಥವಾ ಒಟ್ಟಿಗೆ ಕೊಡಬಾರದ ಎರಡು ಔಷಧಿ ಸೇರಿರಬಹುದು. ಮೂರೂ ಬೇರೆ ಬೇರೆ ಕಥೆ. ತಮ್ಮ ಡಾಕ್ಟರ್ ಸಿಗದೆ ಆ ದಿನ ಯಾರು ಸಿಕ್ಕರೋ ಅವರ ಹತ್ತಿರ ಚೀಟಿ ಬರೆಸಿಕೊಂಡವರಿಗೂ ಕೆಂಪು ಬರಬಹುದು. ಅದು ನಮ್ಮ ರೋಸ್ಟರಿನ ಸಮಸ್ಯೆ, ರೋಗಿಯದ್ದಲ್ಲ.

ಡೋಸ್ ಲೆಕ್ಕವನ್ನು ಎಲ್ಲರ ಕೈಯಲ್ಲೂ ಒಮ್ಮೆ ಮಾಡಿಸಿ. ಆಕ್ಸಿಕೊಡೋನ್ ಎಂಬ ಒಪಿಯಾಯ್ಡ್ 40 ಮಿಲಿಗ್ರಾಂ ಬೆಳಿಗ್ಗೆ, 40 ರಾತ್ರಿ. ಒಟ್ಟು 80. ಅದನ್ನು 1.5ರಿಂದ ಗುಣಿಸಿದರೆ ಮಾರ್ಫಿನ್ ಲೆಕ್ಕದಲ್ಲಿ 120. ಕೆಂಪು. ಆದರೆ ಕ್ಯಾನ್ಸರ್ ನೋವಿಗೆ ಆ ಡೋಸ್ ಸರಿಯಾಗಿಯೇ ಇರಬಹುದು. ಇನ್ನೊಬ್ಬರಿಗೆ ಅದೇ ಮಾರ್ಫಿನ್ ಲೆಕ್ಕದಲ್ಲಿ 60 ಮಾತ್ರ ಇದೆ ಅನ್ನಿ. ಅವರಿಗೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಇದೆ, ಸಂಜೆ ಮದ್ಯ ಕುಡಿಯುತ್ತಾರೆ, ಮಲಗುವಾಗ ಆತಂಕ ಕಡಿಮೆ ಮಾಡುವ ಡಯಾಜೆಪಾಮ್ ಬೇರೆ. ನನಗೆ ಹೆಚ್ಚು ಭಯ ಇವರದ್ದೇ. ಅವರು ಕುಡಿಯುವುದು ಯಾವ ಪರದೆಯಲ್ಲೂ ಕಾಣುವುದಿಲ್ಲ. ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಇನ್ನು ಮಾತಿನ ವಿಷಯ. 'ನಮ್ಮಲ್ಲಿ ಇದನ್ನೆಲ್ಲ ಬರೆಯುವುದಿಲ್ಲ' ಎಂದರೆ ಅಲ್ಲಿಗೆ ಮುಗಿಯಿತು. ಅವರು ಮತ್ತೆ ಬರುವುದಿಲ್ಲ. ನಾನು ಹೀಗೆ ಹೇಳಿಸುತ್ತೇನೆ: 'ಕಳೆದ ತಿಂಗಳು ಬೇರೆ ಡಾಕ್ಟರ್ ಕೂಡ ಇದೇ ಮಾತ್ರೆ ಬರೆದದ್ದು ಇಲ್ಲಿ ಕಾಣುತ್ತಿದೆ. ಇಷ್ಟು ಸೇರಿದರೆ ನಿದ್ದೆಯಲ್ಲಿ ಉಸಿರಿಗೆ ತೊಂದರೆ ಆಗಬಹುದು ಎಂದು ನನಗೆ ಚಿಂತೆ. ನೋವು ಜಾಸ್ತಿ ಆಗಿದೆಯಾ? ಏನಾಯಿತು ಹೇಳಿ.' ಹೇಳಿ ಸುಮ್ಮನಾಗಬೇಕು. ಉತ್ತರ ಬರುವವರೆಗೆ ಕಾಯುವುದು ಹೊಸಬರಿಗೆ ತುಂಬಾ ಕಷ್ಟ. ರೋಲ್ ಪ್ಲೇ ಮಾಡುವಾಗ ಡಾಕ್ಟರನ್ನೇ ರೋಗಿಯಾಗಿ ಕೂರಿಸಿ. 'ಬರೆಯುವುದಿಲ್ಲ' ಎನ್ನುವುದನ್ನು ತಾವೇ ಕೇಳಿಸಿಕೊಂಡಾಗ ಅದರ ಪೆಟ್ಟು ಗೊತ್ತಾಗುತ್ತದೆ.

ಔಷಧಿ ಅಂಗಡಿಯ ಫಾರ್ಮಸಿಸ್ಟ್

ಡಾಕ್ಟ್ರು ಹೇಳಿದ್ದು ಸರಿ. ಆದರೆ ಅವರಿಗೆ ಬಾಗಿಲು ಹಾಕಿದ ಕೋಣೆ ಇರುತ್ತದೆ. ನಮಗಿರುವುದು ಕೌಂಟರ್. ಹಿಂದೆ ಸಾಲು ನಿಂತಿರುತ್ತದೆ. ಅದರ ಮಧ್ಯೆ 'ನಿಮ್ಮ ಹೆಸರಿಗೆ ಅಲರ್ಟ್ ಬಂದಿದೆ' ಎಂದು ಹೇಳುವುದು ಆ ಮನುಷ್ಯನಿಗೆ ಮಾಡುವ ಅವಮಾನ. ಪಕ್ಕಕ್ಕೆ ಕರೆದು ಮಾತಾಡಲು ಜಾಗ ಎಲ್ಲಿದೆ ಎನ್ನುವುದನ್ನು ತರಬೇತಿ ದಿನವೇ ತೋರಿಸಿ.

ದಯವಿಟ್ಟು ಫೋನ್ ಕಾಲ್ ಅಭ್ಯಾಸ ಮಾಡಿಸಿ. ನನ್ನ ಪ್ರಕಾರ ಇಡೀ ತರಬೇತಿಯಲ್ಲಿ ಇದಕ್ಕಿಂತ ಉಪಯೋಗದ ಭಾಗ ಇಲ್ಲ. ಫಾರ್ಮಸಿಸ್ಟ್ ಡಾಕ್ಟರಿಗೆ ಒಂದು ನಿಮಿಷದಲ್ಲಿ ವಿಷಯ ಮುಟ್ಟಿಸಬೇಕು. ರೋಗಿ ಯಾರು, ಪರದೆಯಲ್ಲಿ ಕಂಡದ್ದೇನು, ಹಿಂದಿನ ಮಾತ್ರೆ ಯಾವತ್ತು ಕೊಟ್ಟದ್ದು, ಇವತ್ತು ನಾನು ಏನು ಮಾಡಬಲ್ಲೆ. ಈ ಕೊನೆಯದನ್ನು ತುಂಬಾ ಜನ ಬಿಡುತ್ತಾರೆ. 'ಏನು ಮಾಡಲಿ?' ಎಂದು ಕೇಳಿದರೆ ಕೆಲಸ ಮುಂದೆ ಹೋಗುವುದಿಲ್ಲ. 'ಒಂದೇ ಸಲ ಪೂರ್ತಿ ಬಾಕ್ಸ್ ಕೊಡುವ ಬದಲು ಎರಡು ದಿನಕ್ಕೊಮ್ಮೆ ಅಳೆದು ಕೊಡಲಾ? ಬಂದಾಗೆಲ್ಲ ಹೇಗಿದ್ದಾರೆ ಎಂದೂ ನೋಡುತ್ತೇನೆ' ಎಂದರೆ ಡಾಕ್ಟರಿಗೂ ದಾರಿ ಕಾಣುತ್ತದೆ.

ಹಾಗೆಯೇ ಕ್ಲಿನಿಕ್‌ನ ರಿಸೆಪ್ಷನ್‌ನವರನ್ನೂ ತರಬೇತಿಗೆ ಕರೆಯಿರಿ. 'ಡಾಕ್ಟರ್ ಬ್ಯುಸಿ, ನಾಳೆ ಮಾಡಿ' ಎಂದು ಅವರು ಫೋನ್ ಇಟ್ಟರೆ ನಮ್ಮ ತರಬೇತಿಗೆ ಅರ್ಥವೇ ಇಲ್ಲ, ಅಲ್ವಾ?

ಪ್ರಾಕ್ಟೀಸ್ ನರ್ಸ್

ಸಣ್ಣ ವಿಷಯ, ಆದರೆ ನಮ್ಮವರಿಗೆ ಇದು ಜಾಸ್ತಿ ಆಗುತ್ತದೆ. ಒಂದು ಕಡೆ ಹೆಸರಿನ ಜೊತೆ ಇನಿಷಿಯಲ್, ಇನ್ನೊಂದು ಕಡೆ ಅಪ್ಪನ ಹೆಸರೇ ಸರ್‌ನೇಮ್. ಒಬ್ಬರದ್ದೇ ದಾಖಲೆ ಎರಡಾಗಿ ಒಡೆದಿರಬಹುದು. ಆಗ ಹಸಿರು ಕಂಡರೂ ನಂಬುವ ಹಾಗಿಲ್ಲ. ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾರ್ಡ್‌ನಲ್ಲಿ ಇರುವ ಹಾಗೇ ಹೆಸರು, ಹುಟ್ಟಿದ ದಿನ, ವಿಳಾಸ ಸರಿ ಇದೆಯಾ ನೋಡಿ ಎಂದು ಹೇಳಿಕೊಡಿ.

ರೋಗಿಯೊಬ್ಬರ ಮಗಳು

ನಾನು ಡಾಕ್ಟರೂ ಅಲ್ಲ, ಫಾರ್ಮಸಿಸ್ಟೂ ಅಲ್ಲ. ನಮ್ಮ ತಂದೆಗೆ ಕ್ಯಾನ್ಸರ್ ಇತ್ತು. ಕೊನೆಯ ದಿನಗಳಲ್ಲಿ ಮನೆಯಲ್ಲೇ ಇದ್ದರು. ಒಂದು ಶುಕ್ರವಾರ ಸಂಜೆ ಅಂಗಡಿಯಲ್ಲಿ ಪರದೆ ನೋಡಿ, 'ಇದು ತುಂಬಾ ಜಾಸ್ತಿ, ಕೊಡೋಕಾಗಲ್ಲ' ಎಂದು ವಾಪಸ್ ಕಳಿಸಿದರು. ಯಾಕೆ ಎಂದು ಕೇಳಲಿಲ್ಲ, ಡಾಕ್ಟರಿಗೆ ಫೋನ್ ಮಾಡಲಿಲ್ಲ. ಆ ರಾತ್ರಿ ಅಪ್ಪ ಪಟ್ಟ ನೋವನ್ನು ನಾನು ಬರೆಯಲಾರೆ. ನಿಮ್ಮ ತರಬೇತಿಯಲ್ಲಿ ಇಂಥ ರೋಗಿಯ ಉದಾಹರಣೆಯೂ ಒಂದು ಇರಲಿ. ದಯವಿಟ್ಟು.

ಔಷಧಿ ಅಂಗಡಿಯ ಫಾರ್ಮಸಿಸ್ಟ್, ಮತ್ತೆ

ಅಕ್ಕಾ, ಓದಿ ಮನಸ್ಸಿಗೆ ತುಂಬಾ ಕಷ್ಟವಾಯಿತು. ಉಳಿದವರಿಗೆ ಹೇಳುತ್ತಿದ್ದೇನೆ: ಪ್ಯಾಲಿಯೇಟಿವ್ ಕೇರ್ (ಗುಣವಾಗದ ಕಾಯಿಲೆಯಲ್ಲಿ ನೋವು ಕಡಿಮೆ ಮಾಡುವ ಆರೈಕೆ) ಪಡೆಯುವ ರೋಗಿಗಳಿಗೆ ಪರದೆ ನೋಡುವುದು ಕಡ್ಡಾಯವೇ ಅಲ್ಲ. ಆಸ್ಪತ್ರೆಯಲ್ಲಿ, ಏಜ್ಡ್ ಕೇರ್‌ನಲ್ಲಿ (ವೃದ್ಧರ ಆರೈಕೆ ಕೇಂದ್ರದಲ್ಲಿ) ಇರುವವರಿಗೂ ಹಾಗೆಯೇ. ನೋಡಿದಾಗ ಕೆಂಪು ಬಂದರೂ 'ಕೊಡಬೇಡ' ಎಂದು ಸೇಫ್‌ಸ್ಕ್ರಿಪ್ಟ್ ಎಲ್ಲೂ ಹೇಳುವುದಿಲ್ಲ. ಅದು ಮಾಹಿತಿ ಕೊಡುತ್ತದೆ, ಅಷ್ಟೇ. ತೀರ್ಮಾನ ನಮ್ಮದು, ಹೊಣೆಯೂ ನಮ್ಮದೇ.

ಮದ್ಯ, ಮಾದಕ ವ್ಯಸನ ಚಿಕಿತ್ಸಾ ವಿಭಾಗದ ನರ್ಸ್

ಮೊದಲು ಬರೆಯುತ್ತಿದ್ದವರು ಕೆಂಪು ಕಂಡ ಕೂಡಲೇ ನಿಲ್ಲಿಸಿಬಿಟ್ಟರು ಎಂದು ನಮ್ಮಲ್ಲಿಗೆ ಬಂದವರನ್ನು ನೋಡಿದ್ದೇನೆ. ವರ್ಷಗಟ್ಟಲೆ ತೆಗೆದುಕೊಂಡ ಬೆಂಜೊಡಯಾಜೆಪೈನ್ (ಡಯಾಜೆಪಾಮ್ ಜಾತಿಯ ಔಷಧಿ) ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಪ್ರಾಣವೇ ಹೋಗಬಹುದು. ಒಪಿಯಾಯ್ಡ್ ದಿಢೀರ್ ನಿಲ್ಲಿಸುವುದರ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲೇ ಎಚ್ಚರಿಕೆ ಕೊಟ್ಟಿದೆ. ತಡೆಯಲಾಗದ ನೋವು, ಆತ್ಮಹತ್ಯೆ ಎರಡನ್ನೂ ಅದರಲ್ಲಿ ಹೇಳಿದ್ದಾರೆ. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿಯ 2022ರ ಮಾರ್ಗಸೂಚಿ ಪ್ರಕಾರ, ಒಂದು ವರ್ಷಕ್ಕಿಂತ ಜಾಸ್ತಿ ಒಪಿಯಾಯ್ಡ್ ತೆಗೆದುಕೊಂಡವರಿಗೆ ತಿಂಗಳಿಗೆ ಶೇ. 10ರಷ್ಟು, ಅಥವಾ ಇನ್ನೂ ನಿಧಾನವಾಗಿ, ಇಳಿಸುವುದನ್ನು ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಇಳಿಸಿದ ಮೇಲೆ ಇನ್ನೊಂದು ಅಪಾಯ ಇದೆ. ದೇಹಕ್ಕೆ ಹಳೆಯ ಡೋಸ್‌ನ ಅಭ್ಯಾಸ ತಪ್ಪಿರುತ್ತದೆ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಮೊದಲಿನಷ್ಟೇ ನುಂಗಿದರೆ ಅದೇ ಓವರ್‌ಡೋಸ್.

ಹಾಗಾಗಿ ಡೋಸ್ ಜಾಸ್ತಿ ಇದ್ದವರಿಗೆಲ್ಲ ಒಪಿಯಾಯ್ಡ್ ಓವರ್‌ಡೋಸ್ ಇಳಿಸುವ ನಲಾಕ್ಸೋನ್ ಕೊಡುವುದನ್ನು ಕಲಿಸಿ. 2022ರ ಜುಲೈಯಿಂದ ಇಡೀ ದೇಶದಲ್ಲಿ ಚೀಟಿ ಇಲ್ಲದೆ, ಉಚಿತವಾಗಿ ಸಿಗುತ್ತದೆ. ಮೂಗಿಗೆ ಹೊಡೆಯುವ ಸ್ಪ್ರೇ ಇದೆ, ಮನೆಯವರೇ ಕೊಡಬಹುದು. ವ್ಯಸನ ಇದೆ ಎಂದು ಗೊತ್ತಾದರೆ, ಒಪಿಯಾಯ್ಡ್ ವ್ಯಸನದ ಚಿಕಿತ್ಸೆಗೆ ಕೊಡುವ ಬುಪ್ರೆನಾರ್ಫಿನ್ ಶುರು ಮಾಡುವ ಬಗ್ಗೆಯೂ ಹೇಳಿ. ಇದರ ಬಗ್ಗೆ ಡಾಕ್ಟರ್‌ಗಳಿಗೆ ಸುಮ್ನೆ ಒಂದು ಹಿಂಜರಿಕೆ ಇರುತ್ತದೆ. ಡಿಎಸಿಎಎಸ್‌ಗೆ ಫೋನ್ ಮಾಡಿದರೆ ಪರಿಣತರೇ ದಾರಿ ಹೇಳುತ್ತಾರೆ. ಅದು ಡಾಕ್ಟರ್, ಫಾರ್ಮಸಿಸ್ಟ್, ನರ್ಸ್‌ಗಳಿಗಾಗಿಯೇ ಇರುವ ಸಹಾಯವಾಣಿ. ಆ ನಂಬರನ್ನು ಎಲ್ಲರ ಮೇಜಿನ ಮೇಲೂ ಅಂಟಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ನನಗೆ ಸಿಗುವುದು ಎರಡು ಗಂಟೆ ಮಾತ್ರ. ಏನನ್ನು ಬಿಡಲಿ? ಕಲಿಸಿದ್ದು ಉಪಯೋಗವಾಯಿತು ಎಂದು ತಿಳಿಯುವುದು ಹೇಗೆ?

ಜಿಪಿ

ಔಷಧಿಗಳ ಪಟ್ಟಿ ಬಿಡಿ. ಮಾರ್ಫಿನ್, ಆಕ್ಸಿಕೊಡೋನ್‌ನಂಥ ಶೆಡ್ಯೂಲ್ 8ರ (ಕಟ್ಟುನಿಟ್ಟಿನ ನಿಯಂತ್ರಣ ಇರುವ) ಎಲ್ಲ ಔಷಧಿ, ಬೆಂಜೊಡಯಾಜೆಪೈನ್, ಜೋಲ್ಪಿಡೆಮ್, ಕೋಡೀನ್, ಕ್ವೆಟಿಯಾಪಿನ್ ಹೀಗೆ ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಸಾಕು. ಲಾಗಿನ್ ಎಲ್ಲರೂ ಮನೆಯಲ್ಲೇ ಮಾಡಿಕೊಂಡು ಬರಲಿ. ಒಬ್ಬರ ಲಾಗಿನ್ ಇನ್ನೊಬ್ಬರು ಬಳಸಬಾರದು ಎಂದು ಮೊದಲೇ ಹೇಳಿಬಿಡಿ. ತೋರಿಸುವುದಕ್ಕೆಂದು ಪರಿಚಯದವರ ಹೆಸರು ಹಾಕಿ ಹುಡುಕಬೇಡಿ. ನಮ್ಮ ಚಿಕಿತ್ಸೆಯಲ್ಲಿ ಇಲ್ಲದವರ ದಾಖಲೆ ತೆರೆಯುವುದು ಅಪರಾಧ. ನೀವೇ ಕಟ್ಟಿದ ರೋಗಿಗಳು ಸಾಕು. ಅದರಲ್ಲಿ ಆ ತಂಗಿಯ ತಂದೆಯಂಥವರೂ ಒಬ್ಬರು ಇರಲಿ.

ಉಪಯೋಗ ಆಯಿತಾ ಎಂದು ನೋಡಲು ಬರೆದ ಚೀಟಿಗಳ ಸಂಖ್ಯೆ ಇಳಿಯಿತಾ ಎಂದು ಎಣಿಸಬೇಡಿ. ರೋಗಿಗಳನ್ನು ಓಡಿಸಿದರೂ ಅದು ಇಳಿಯುತ್ತದೆ. ಕೆಂಪು ಬಂದವರಲ್ಲಿ ಎಷ್ಟು ಜನ ಮುಂದಿನ ತಿಂಗಳೂ ನಿಮ್ಮ ಕ್ಲಿನಿಕ್‌ಗೆ ಬಂದರು, ಎಷ್ಟು ಜನರ ಫೈಲ್‌ನಲ್ಲಿ ಡಾಕ್ಟರ್, ಫಾರ್ಮಸಿಸ್ಟ್ ಮಾತಾಡಿಕೊಂಡ ಟಿಪ್ಪಣಿ ಇದೆ, ಎಷ್ಟು ಜನರ ಮನೆಯಲ್ಲಿ ನಲಾಕ್ಸೋನ್ ಇದೆ ಎಂದು ನೋಡಿ. ಮೂರು ತಿಂಗಳ ನಂತರ ಮತ್ತೆ ಎಲ್ಲರನ್ನೂ ಕರೆದು ಒಂದು ಗಂಟೆ ಕೂತುಕೊಳ್ಳಿ. ಆಗ ಅವರೇ ಎದುರಿಸಿದ ಕಷ್ಟದ ಪ್ರಸಂಗಗಳನ್ನು, ಹೆಸರು ಬಿಟ್ಟು, ಅವರಿಂದಲೇ ಹೇಳಿಸಿ.