ಪದಚರ್ಚೆ: ಫೈಲಿನ ಮೂರು ವೇಳೆಗಳನ್ನು ಏನೆಂದು ಕರೆಯೋಣ?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್‌ನ ಮೌಂಟ್ ಆಯ್ಕೆಗಳ (ಡಿಸ್ಕನ್ನು ಬಳಕೆಗೆ ಜೋಡಿಸುವಾಗ ಕೊಡುವ ಸೂಚನೆಗಳ) ಕುರಿತ ಹಳೆಯ ಕನ್ನಡ ಕೈಪಿಡಿಯೊಂದನ್ನು ಪರಿಷ್ಕರಿಸುತ್ತಿದ್ದೇನೆ. ಫೈಲನ್ನು ಓದಿದಾಗಲೆಲ್ಲ ಅದರ ಎಟೈಮ್, ಅಂದರೆ ಫೈಲನ್ನು ಓದಿದ್ದಾಗಿ ದಾಖಲಾಗುವ ವೇಳೆ, ಹೊಸದಾಗುತ್ತದೆ ಎಂದು ಅದರಲ್ಲಿದೆ. 2009ರಲ್ಲಿ ಬಂದ, ಲಿನಕ್ಸ್‌ನ ತಿರುಳಾದ 2.6.30 ಕರ್ನೆಲ್‌ನಿಂದ ಈಚೆಗೆ ಅದು ಹಾಗಿಲ್ಲ. ನಾವು ಬೇರೇನೂ ಸೂಚಿಸದಿದ್ದರೆ ‘ರೆಲ್‌ಎಟೈಮ್’ ಎಂಬ ಆಯ್ಕೆ ಜಾರಿಯಲ್ಲಿರುತ್ತದೆ. ದಾಖಲಾಗಿರುವ ಎಟೈಮ್ ಎಂಟೈಮ್‌ಗಿಂತ (ಒಳಗಿನ ಬರಹ ಬದಲಾದ ವೇಳೆಗಿಂತ) ಅಥವಾ ಸಿಟೈಮ್‌ಗಿಂತ (ಫೈಲಿನ ವಿವರಗಳು ಬದಲಾದ ವೇಳೆಗಿಂತ) ಈಚಿನದಲ್ಲದಿದ್ದರೆ, ಇಲ್ಲವೇ 24 ಗಂಟೆಗಿಂತ ಹಳೆಯದಾಗಿದ್ದರೆ ಮಾತ್ರ ಓದಿದಾಗ ಅದು ಹೊಸದಾಗುತ್ತದೆ.

ಈ ನಿಯಮವನ್ನು ಕೈಪಿಡಿಯ ಪದಗಳಲ್ಲಿ ಬರೆದರೆ ಅರ್ಥವೇ ಹೊರಡುವುದಿಲ್ಲ. ಅಲ್ಲಿ ಎಟೈಮ್ ‘ಪ್ರವೇಶ ಸಮಯ’, ಎಂಟೈಮ್ ‘ಮಾರ್ಪಾಡು ಸಮಯ’, ಸಿಟೈಮ್ ‘ಬದಲಾವಣೆ ಸಮಯ’. ಮಾರ್ಪಾಡಿಗೂ ಬದಲಾವಣೆಗೂ ಏನು ವ್ಯತ್ಯಾಸವೆಂದು ಓದುಗರು ಕೇಳಿದರೆ ಕನ್ನಡದಲ್ಲಿ ಉತ್ತರವಿಲ್ಲ. ಇನ್ನೊಂದು ಅಧ್ಯಾಯದಲ್ಲಿ ಸಿಟೈಮ್ ‘ಸೃಷ್ಟಿ ಸಮಯ’ವಾಗಿದೆ. ಅದಂತೂ ಪೂರ್ತಿ ತಪ್ಪು.

ಎಂಟೈಮ್ ಬದಲಾಗುವುದು ಫೈಲಿನ ಒಳಗಿನ ಬರಹ ಬದಲಾದಾಗ. ಸಿಟೈಮ್ ಬದಲಾಗುವುದು ಐನೋಡ್, ಅಂದರೆ ಒಡೆಯ, ಅನುಮತಿ, ಗಾತ್ರ ಮುಂತಾದ ವಿವರಗಳ ದಾಖಲೆ, ಬದಲಾದಾಗ. ಹೊಲ ಮತ್ತು ಪಹಣಿ ಇದ್ದಂತೆ: ಬೆಳೆ ಬದಲಾದರೆ ಅದು ಪಹಣಿಯಲ್ಲೂ ನಮೂದಾಗಬೇಕು, ಒಡೆಯ ಬದಲಾದರೆ ಪಹಣಿ ಮಾತ್ರ ಬದಲಾಗುತ್ತದೆ, ಬೆಳೆ ಹಾಗೆಯೇ ಇರುತ್ತದೆ. ಬರಹ ತಿದ್ದಿದರೆ ಎರಡೂ ವೇಳೆಗಳು ಹೊಸದಾಗುತ್ತವೆ, ಅನುಮತಿ ಬದಲಿಸಿದರೆ ಸಿಟೈಮ್ ಒಂದೇ. ಆದ್ದರಿಂದ ಎಂಟೈಮ್‌ಗೆ ‘ತಿದ್ದಿದ ವೇಳೆ’, ಸಿಟೈಮ್‌ಗೆ ‘ವಿವರ ಬದಲಾದ ವೇಳೆ’ ಎನ್ನಬಹುದೇ? ‘ವಿವರ’ ತೀರ ಸಡಿಲವಾಯಿತು ಎನ್ನುವವರು ‘ಚಹರೆ’ಯನ್ನು ಯೋಚಿಸಿ ನೋಡಿ. ಚಹರೆಪಟ್ಟಿ ಎಂಬ ಪದ ಮೊದಲೇ ಬಳಕೆಯಲ್ಲಿದೆ, ಐನೋಡ್ ಮಾಡುವ ಕೆಲಸಕ್ಕೂ ಅದು ಹತ್ತಿರ.

‘ಪ್ರವೇಶ’ವನ್ನು ಬಿಡಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಫೈಲನ್ನು ತೆರೆದ ಮಾತ್ರಕ್ಕೆ, ಅದರ ವಿವರಗಳನ್ನು ಪಟ್ಟಿಯಲ್ಲಿ ನೋಡಿದ ಮಾತ್ರಕ್ಕೆ ಎಟೈಮ್ ಬದಲಾಗುವುದಿಲ್ಲ, ಒಳಗಿನದನ್ನು ಓದಬೇಕು. ಪ್ರೋಗ್ರಾಮ್ ಚಾಲೂ ಆಗುವಾಗಲೂ ಕರ್ನೆಲ್ ಆ ಫೈಲನ್ನು ಓದಿಯೇ ಓದುತ್ತದೆ. ಹಾಗಾಗಿ ‘ಓದಿದ ವೇಳೆ’ ಸರಳವೂ ಹೌದು, ನಿಖರವೂ ಹೌದು. ಬಹಳ ದಿನದಿಂದ ಯಾರೂ ಓದದ ಫೈಲುಗಳನ್ನು ಈ ವೇಳೆಯನ್ನು ನೋಡಿ ಅಳಿಸುವವರಿದ್ದಾರೆ. ‘ನೋಎಟೈಮ್’ ಎಂಬ ಆಯ್ಕೆ ಹಾಕಿದ ಡಿಸ್ಕಿನಲ್ಲಿ ಓದಿದ್ದು ದಾಖಲಾಗುವುದೇ ಇಲ್ಲ, ದಿನವೂ ಓದುವ ಫೈಲೂ ಹಳೆಯದರಂತೆ ಕಾಣುತ್ತದೆ. ಪದ ಮಸುಕಾಗಿದ್ದರೆ ಬೇಕಾದ ಫೈಲೇ ಹೋದೀತು.

‘ಮೌಂಟ್’ ಅನ್ನು ಹಾಗೆಯೇ ಉಳಿಸಿದ್ದೇನೆ. ಅದಕ್ಕೆ ಬಳಸಬಹುದಾಗಿದ್ದ ಏರಿಸು, ಇಳಿಸು ಎಂಬ ಜೋಡಿ ಈಗಾಗಲೇ ಅಪ್‌ಲೋಡ್, ಡೌನ್‌ಲೋಡ್‌ಗಳಿಗೆ ಸಂದಿದೆ.

ಹೊಸ ವಾಕ್ಯ ಹೀಗಿದೆ: ‘ಕಳೆದ ಬಾರಿ ಓದಿದ ಮೇಲೆ ಫೈಲನ್ನು ತಿದ್ದಿದ್ದರೆ, ಅದರ ವಿವರ ಬದಲಾಗಿದ್ದರೆ ಅಥವಾ ಓದಿದ ವೇಳೆ ದಾಖಲಾಗಿ 24 ಗಂಟೆ ಮೀರಿದ್ದರೆ ಮಾತ್ರ ಓದಿದ ವೇಳೆಯನ್ನು ಮತ್ತೆ ಬರೆಯಲಾಗುತ್ತದೆ.’ ಲಿನಕ್ಸ್ ಬಳಸದವರಿಗೂ ಇದು ತಿಳಿಯುತ್ತದೆಯೇ? ಸಿಟೈಮ್‌ಗೆ ಇನ್ನೂ ಚಿಕ್ಕ ಪದ ಹೊಳೆದರೆ ದಯವಿಟ್ಟು ತಿಳಿಸಿ.