ಹೊಳೆದಾಸವಾಳ, ಗುಡ್ಡೆದಾಸವಾಳ: ಇಲ್ಲಿ ‘ದಾಸವಾಳ’ ಎಂದರೆ ಯಾವ ಗುಣ?

ಬಲ್ಲವರಲ್ಲಿ ಒಂದು ಪ್ರಶ್ನೆ. ಚೈತ್ರ ಕಳೆದು ಬಿಸಿಲೇರುವ ಹೊತ್ತಿಗೆ ಶಿರಸಿ, ಕುಮಟಾ ಕಡೆ ಅಂಗಳದಂಚಿನಲ್ಲಿ, ಹೊಳೆದಂಡೆಯಲ್ಲಿ ಹೊಳೆದಾಸವಾಳ ನೇರಳೆಗೆಂಪಾಗಿ ಅರಳುತ್ತದೆ. ಗೋವೆಯಾಚೆಯ ಮಹಾರಾಷ್ಟ್ರದಲ್ಲಿ ಇದೇ ತಾಮ್ಹಣ, ಅಲ್ಲಿನ ರಾಜ್ಯಪುಷ್ಪ. ಬೇಣದಲ್ಲಿ ಗುಡ್ಡೆದಾಸವಾಳವೂ ಆಗ ಕೆಂಪೇರಿರುತ್ತದೆ. ತೆಂಕಣ ಕರಾವಳಿಯವರು ಇದನ್ನು ಕೇಪಳ ಎನ್ನುತ್ತಾರೆ.

ಆದರೆ ಇವೆರಡೂ ದಾಸವಾಳದ ಸಂಬಂಧಿಗಳಲ್ಲ. ದಾಸವಾಳ ಹತ್ತಿ, ಬೆಂಡೆಯ ಕುಟುಂಬದ್ದು. ಗುಡ್ಡೆದಾಸವಾಳ ಕಾಫಿಯ ಬಳಗ. ಹೊಳೆದಾಸವಾಳ ಮದರಂಗಿ, ದಾಳಿಂಬೆಗಳ ನೆಂಟ. ಹೂವಿನ ರೂಪವೂ ಬೇರೆ. ಗುಡ್ಡೆದಾಸವಾಳದ ಗೊಂಚಲಿನಿಂದ ಒಂದು ಹೂ ಎಳೆದರೆ ಸೂಜಿಯಷ್ಟು ಸಪೂರ ಕೊಳವೆ, ತುದಿಯಲ್ಲಿ ನಾಲ್ಕೇ ಎಸಳು. ಮಕ್ಕಳು ಬುಡ ಚೀಪಿ ಜೇನು ಹೀರುವುದು ಆ ಕೊಳವೆಯಿಂದಲೇ. ಹೊಳೆದಾಸವಾಳದ್ದು ಸಾಮಾನ್ಯವಾಗಿ ಆರು ಎಸಳು. ಒಂದೊಂದಕ್ಕೂ ಪುಟ್ಟ ತೊಟ್ಟು, ಮೈಯೆಲ್ಲ ಹಿಂಡಿ ಬಿಡಿಸಿದ ತೆಳುಬಟ್ಟೆಯ ಹಾಗೆ ಸುಕ್ಕು. ನನಗೆ ವಸಂತದ ಹೂಗಳಲ್ಲೆಲ್ಲ ಆ ಸುಕ್ಕೇ ಅತ್ಯಂತ ಚೆಲುವು.

ಸಂಪಿಗೆಯ ವಿಷಯದಲ್ಲಿ ಇಂಥ ಗೊಂದಲವಿಲ್ಲ. ಕೆಂಡಸಂಪಿಗೆ, ನಾಗಸಂಪಿಗೆ, ಅಮೆರಿಕದಿಂದ ಬಂದ ಗೋಸಂಪಿಗೆ ಮೂರೂ ಬೇರೆ ಬೇರೆ ಕುಟುಂಬದವಾದರೂ ಪರಿಮಳ ಅವನ್ನು ಒಂದೇ ಹೆಸರಿನಡಿ ತಂದಿದೆ ಎನ್ನಬಹುದು. ದಾಸವಾಳಗಳಲ್ಲಿ ಹಾಗೆ ಹೆಸರಾದ ಪರಿಮಳವಿಲ್ಲ. ಬಣ್ಣವೇ ಕಾರಣವೆಂದರೆ ಗುಡ್ಡೆದಾಸವಾಳಕ್ಕೆ ಒಪ್ಪುತ್ತದೆ, ನೇರಳೆಯ ಹೊಳೆದಾಸವಾಳಕ್ಕೆ ಒಪ್ಪುವುದಿಲ್ಲ. ದೇವರ ಹೂಬುಟ್ಟಿಗೆ ಧಾರಾಳವಾಗಿ ಸಿಗುವ, ಕಣ್ಣು ತುಂಬುವ ಹೂವಿಗೆಲ್ಲ ‘ದಾಸವಾಳ’ ಸಾಮಾನ್ಯ ನಾಮವಾಗಿತ್ತೇ? ನನ್ನ ಒಲವು ಈ ಕಡೆಗೇ ಇದೆ. ಆದರೆ ಹೊಳೆದಾಸವಾಳವನ್ನು ಪೂಜೆಗೆ ಏರಿಸುವ ರೂಢಿ ಎಲ್ಲಾದರೂ ಇದ್ದರೆ ಮಾತ್ರ ಈ ಊಹೆ ನಿಲ್ಲುತ್ತದೆ. ಅಂಥ ಮನೆತನ, ದೇವಸ್ಥಾನಗಳ ಪರಿಚಯ ಇರುವವರು ದಯವಿಟ್ಟು ಬರೆಯಿರಿ.

ಇನ್ನೊಂದು ಸಂಗತಿ ಬಳಕೆಯದು. ಹೊಳೆದಾಸವಾಳದ ಚೀನೀ ತಂಗಿಯೊಂದು ಈಗ ಕೈತೋಟಗಳಲ್ಲಿದೆ: ಆಳೆತ್ತರದ ಪೊದೆ, ಗುಲಾಬಿ ಇಲ್ಲವೇ ಬಿಳಿ ಹೂ, ಅದೇ ಸುಕ್ಕಿನೆಸಳು. ನರ್ಸರಿಯವರು ಲಾಗರ್‌ಸ್ಟ್ರೋಮಿಯಾ ಎಂದು ಚೀಟಿ ಕಟ್ಟಿ ಕೊಡುತ್ತಾರೆ. ಹೊಳೆಯ ನಂಟೇ ಇಲ್ಲದ ಈ ಗಿಡವನ್ನು ಹೊಳೆದಾಸವಾಳ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ಕಾರವಾರ, ಅಂಕೋಲಾ ಕಡೆಯ ತೋಟದವರು ಇದನ್ನು ಏನೆಂದು ಕರೆಯುತ್ತಾರೆ? ‘ಅಂಗಳದಾಸವಾಳ’ ಎಂದರೆ ಕಿವಿಗೆ ಒಗ್ಗೀತೇ?